ಕತ್ತಲಲ್ಲಿ ಕಾರು ಕೇಳುವ ಸದಾಶಿವಯ್ಯ

ಇನ್ನೂ ಬೆಳಕು ಹರಿದಿಲ್ಲ. ತಿಪಟೂರಿನ ಹೊರಗೆ ತೆಂಗಿನ ತೋಟವೊಂದರಲ್ಲಿ ಅಂಬಾಸಿಡರ್ ಕಾರು ನಿಂತಿದೆ. ಬಣ್ಣ ಯಾವುದೆಂದು ತಿಳಿಯುವುದಿಲ್ಲ. ಮಲಗಿದ ಎಮ್ಮೆಯ ಹಾಗೆ ಬೆನ್ನಷ್ಟೇ ಕಾಣುತ್ತದೆ. ಬಿಳಿ ಪಂಚೆಯುಟ್ಟ ಹಿರಿಯರೊಬ್ಬರು ಅದರ ಮುಂದಿನ ಮಡ್‌ಗಾರ್ಡಿನ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ಅದುಮುತ್ತಾರೆ, ಬಿಡುತ್ತಾರೆ, ಕಿವಿ ತಗ್ಗಿಸಿ ನಿಲ್ಲುತ್ತಾರೆ. ಮತ್ತೆ ಅದುಮುತ್ತಾರೆ.

"ಯಾರೂ ಮಾತಾಡ್ಬ್ಯಾಡಿ. ಬೀಡೀನೂ ಸೇದ್ಬ್ಯಾಡಿ," ಎನ್ನುತ್ತಾರೆ.

ಇವರು ಸದಾಶಿವಯ್ಯ. ವಯಸ್ಸು ಅರವತ್ತೊಂದು. ಹಳೇ ಕಾರು ಕೊಳ್ಳುವವರು ಇವರನ್ನು ಕರೆದುಕೊಂಡು ಹೋಗುತ್ತಾರೆ. ಇವರು ಕೇಳಿ ನೋಡಿ 'ಹ್ಞೂಂ' ಎಂದರೆ ವ್ಯಾಪಾರ ಕುದುರುತ್ತದೆ, ಸುಮ್ಮನೆ ನಡೆದುಬಿಟ್ಟರೆ ಮುರಿಯುತ್ತದೆ. ಇವರಿಗೆ ಕಾರಿಲ್ಲ. ಓಡಿಸಲೂ ಬರುವುದಿಲ್ಲ.

ಇವತ್ತು ಕರೆತಂದವರು ಶೆಟ್ಟಿಕೆರೆಯ ಕರಿಯಪ್ಪ. ಹದಿನೆಂಟು ವರ್ಷ ಬೇರೆಯವರ ಕಾರು ಓಡಿಸಿದ್ದಾರೆ. ಈಗ ಸ್ವಂತಕ್ಕೊಂದು ಕೊಂಡು ಊರಿನಲ್ಲಿ ಬಾಡಿಗೆಗೆ ಬಿಡುವ ಆಸೆ. ಕಾರು ತೋರಿಸುತ್ತಿರುವ ದಲ್ಲಾಳಿ ನಂಜುಂಡಪ್ಪ ತೆಂಗಿನ ಮರಕ್ಕೊರಗಿ ನಿಂತಿದ್ದಾರೆ. ಹೇಳಿರುವ ಬೆಲೆ ಇಪ್ಪತ್ಮೂರು ಸಾವಿರ. ಬಿಸಿಲೇರುವುದರೊಳಗೆ ಮಾತು ಮುಗಿಯಬೇಕು, ಮಧ್ಯಾಹ್ನಕ್ಕೆ ಬೇರೆ ಗಿರಾಕಿ ಬರುತ್ತಾರಂತೆ.

ಹಳೇ ಕಾರಿಗೆ ಇಷ್ಟೊಂದು ಬೆಲೆಯೇ ಎಂದು ಹುಬ್ಬೇರಿಸುವವರು ಹೊಸ ಕಾರಿಗೆ ಹೆಸರು ಬರೆಸಿ ನೋಡಬೇಕು. ದುಡ್ಡು ಕಟ್ಟಿದ ವರ್ಷ ಹುಟ್ಟಿದ ಮಗು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತದೆ, ಕಾರು ಬಂದಿರುವುದಿಲ್ಲ. ಕೊಬ್ಬರಿಗೆ ರೇಟು ಬಂದ ವರ್ಷವಂತೂ ಮಂಡಿ ವ್ಯಾಪಾರಿಗಳಿಗೆಲ್ಲ ಒಟ್ಟಿಗೇ ಕಾರು ಬೇಕು. ಹೀಗಾಗಿ ಎಂಟು ಸಾವಿರಕ್ಕೆ ಕೈ ಬದಲಾದ ಗಾಡಿ, ಹತ್ತು ವರ್ಷ ಸವೆದ ಮೇಲೆ ಇಪ್ಪತ್ತು ದಾಟುತ್ತದೆ. ಸವೆದಷ್ಟೂ ಬೆಲೆ ಏರುವ ವಸ್ತು ಈ ಸೀಮೆಯಲ್ಲಿ ಇದೊಂದೇ ಇರಬೇಕು.

ಸದಾಶಿವಯ್ಯನವರ ಕಿವಿ ಪಳಗಿದ್ದು ಅಟ್ಟದ ಮೇಲೆ. ಹನ್ನೆರಡನೆಯ ವಯಸ್ಸಿನಿಂದ ಮಂಡಿಯೊಂದರಲ್ಲಿ ಕಾಯಿ ಆರಿಸುವ ಕೆಲಸ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳಿಗೆ ಒಳಗೇ ಒಣಗಿ, ಚಿಪ್ಪು ಬಿಟ್ಟು, ಗಿಟಕಾಗುತ್ತದೆ, ಅಂದರೆ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಸದ್ದು ಮಾಡಿದ ಕಾಯಿಯೇ ಒಳ್ಳೆಯ ಕಾಯಿ. ದಿನಕ್ಕೆ ಮೂರು ಸಾವಿರ ಕಾಯಿ ಕಿವಿಯ ಹತ್ತಿರ ಹಿಡಿದು ಇಳಿಸಿದವರು ಇವರು. ಒಮ್ಮೆ ಯಜಮಾನರು ಹಳೇ ಕಾರು ಕೊಳ್ಳಲು ಹೋದಾಗ, ಜೊತೆಗಿದ್ದ ಇವರು ಬಾಗಿಲು ತಟ್ಟಿ "ಇದು ಒಡೆದು ಕೂಡಿಸಿದ್ದು ಸ್ವಾಮಿ" ಎಂದರಂತೆ. ಬಣ್ಣ ಕೆರೆದು ನೋಡಿದರೆ ನಿಜ. ಅಲ್ಲಿಂದ ಇದೇ ಕಸುಬಾಯಿತು. ಸಾವಿರ ಕಾರಾದ ಮೇಲೆ ಲೆಕ್ಕ ಇಡುವುದನ್ನು ಬಿಟ್ಟಿದ್ದಾರೆ.

ಕತ್ತಲಲ್ಲೇ ಯಾಕೆ ಎಂದರೆ ನಗುತ್ತಾರೆ. "ಬೆಳಕಾದ್ರೆ ಬಣ್ಣ ಕಾಣ್ತದೆ ಕಣ್ರೀ. ಬಣ್ಣ ಕಂಡ್ರೆ ಕಿವಿ ಮುಚ್ಚೋಗ್ತದೆ. ಹೆಣ್ಣು ನೋಡಕ್ಕೆ ಹೋದೋರು ಒಡವೆ ನೋಡ್ಕೊಂಡು ಬಂದಂಗೆ." ರಾತ್ರಿಯೆಲ್ಲ ತಣ್ಣಗೆ ನಿಂತ ಕಾರೇ ಬೇಕು. ನಂಬರನ್ನಾಗಲೀ ಯಾರದೆಂದಾಗಲೀ ಮೊದಲು ಕೇಳುವುದಿಲ್ಲ. ಚಿಪ್ಪಿನ ಚೂರಿನಿಂದ ತಗಡು ತಟ್ಟುತ್ತ ಒಂದು ಸುತ್ತು ಬರುತ್ತಾರೆ. ಮೂಲದ ತಗಡು ಟಣ್ ಎನ್ನುತ್ತದೆ, ಪುಟ್ಟಿ ಮೆತ್ತಿದ ಕಡೆ ಸದ್ದು ಮಂಕು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬರೇ ಕಾಲು ಗಂಟೆ ಕೂರುತ್ತಾರೆ. ಕಾರಿನಲ್ಲಿ ಏನು ಕೇಳುತ್ತದೆ ಆಗ? "ಕೂತೋರೆಲ್ಲ ಒಂದಿಷ್ಟು ಬುಟ್ಟು ಹೋಗಿರ್ತಾರೆ," ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ.

ಇವತ್ತು ಕಾಲು ಗಂಟೆ ಅರ್ಧ ಗಂಟೆಯಾಗುತ್ತದೆ. ಹೊರಬಂದವರು ಅಂಗೈ ಮೂಸಿಕೊಳ್ಳುತ್ತಾರೆ. ಅವರ ಬಗ್ಗೆ ಬರೆಯಲು ಬಂದಿದ್ದ ನಮ್ಮ ಹತ್ತಿರ ಬಂದು ಚೀಲದಿಂದ ಎಲೆಯಡಿಕೆ ತೆಗೆಯುತ್ತಾರೆ. ಎಂದಾದರೂ ತಪ್ಪಿದ್ದುಂಟೆ ಎಂದು ಕೇಳಿದ್ದಕ್ಕೆ, ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲುತ್ತದೆ.

"ಒಂದ್ಸಲ. ಒಂಬತ್ತು ವರ್ಷ ಆಯ್ತು. ಚಿಕ್ಕನಾಯಕನಹಳ್ಳಿ ಜವಳಿ ಅಂಗಡಿ ತೋಂಟದಾರ್ಯ ಅಂತ, ಮಂಡಿಯೋರ ಕಾರು ತಗೊಂಡ್ರು. ತಿರುವಿನಾಗೆ ಗುಡುಗುಡು ಅಂತು. ಮಂಡಿಯೋರ ಕಾರಿನಾಗೆ ಒಂದೆರಡು ಕಾಯಿ ಉಳ್ಳಾಡೋದು ಇದ್ದಿದ್ದೇ. ಸೀಟಿನಡಿ ಕಾಯಿ ಬಿದ್ದೈತೆ, ಮನೆಗೋಗಿ ತೆಕ್ಕೊಳ್ಳಿ ಅಂದೆ. ಬಗ್ಗಿ ನೋಡ್ಲಿಲ್ಲ. ನಮ್ ಕಸುಬಿನಾಗೆ ಆ ಸದ್ದು ಕೇಳಿದ್ರೆ ಕಿವಿಗೆ ಸಂತೋಷ ನೋಡಿ."

ಐದನೇ ದಿನ ಕೆರೆ ಏರಿಯ ತಿರುವಿನಲ್ಲಿ ಸ್ಟೇರಿಂಗ್ ಕಳಚಿಕೊಂಡಿತು. ಕಾರು ನೇರ ನೀರಿಗೆ ಹೋಯಿತು. ತೋಂಟದಾರ್ಯ ಉಳಿಯಲಿಲ್ಲ. ಎರಡು ದಿನದ ಮೇಲೆ ಕಾರನ್ನು ದಡಕ್ಕೆ ಎಳೆದಾಗ ಸದಾಶಿವಯ್ಯ ಅಲ್ಲಿದ್ದರು. ಜನ ಅವರಿವರ ಮುಖ ನೋಡುತ್ತಿರುವಾಗ ಇವರು ಕೆಸರಿನಲ್ಲಿ ಕೈಯಾಡಿಸಿ ಸೀಟಿನಡಿ ಹುಡುಕಿದರು.

"ಕಾಯಿ ಇರಲಿಲ್ಲ," ಎನ್ನುತ್ತಾರೆ.

ಅಷ್ಟರಲ್ಲಿ ಬೆಳಕಾಗಿದೆ. ಕಾರು ಹೊಸ ಬೆಣ್ಣೆಯ ಬಣ್ಣದ್ದು, ಕನ್ನಡಿಯ ಹಾಗೆ ಹೊಳೆಯುತ್ತದೆ. ನಂಜುಂಡಪ್ಪ ಬೀಗದ ಕೈ ಚಿಮ್ಮುತ್ತ, "ಹಿಡೀರಿ ಸಾಹುಕಾರ್ರೇ, ಇನ್ನು ಮೇಲೆ ನೀವು ಹಿಂದಿನ ಸೀಟಲ್ಲಿ ಕೂರೋದು ಕಲೀಬೇಕು," ಎಂದು ಕರಿಯಪ್ಪನವರನ್ನು ಕಿಚಾಯಿಸುತ್ತಾರೆ. ಕರಿಯಪ್ಪ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ಸದಾಶಿವಯ್ಯ, ಹಿಂದೆ ದಲ್ಲಾಳಿ ಮತ್ತು ನಾವು. ಇಂಜಿನ್ ಒಂದೇ ಎಳೆತಕ್ಕೆ ಹಿಡಿದುಕೊಳ್ಳುತ್ತದೆ. ನೇರ ರಸ್ತೆಯಲ್ಲಿ ಕಾರು ನೀರಿನ ಹಾಗೆ ಹೋಗುತ್ತದೆ.

ಮೊದಲನೆಯ ತಿರುವು. ಕರಿಯಪ್ಪ ತಿರುಗಿಸಿ, ಹಿಂದಕ್ಕೆ ಮುಖ ಹೊರಳಿಸಿ ನಗುತ್ತಾರೆ.

"ಯಾರ್ದಣ್ಣ ಕಾಯಿ? ಸೀಟಿನಡೀಲಿ ಉಳ್ಳಾಡ್ತಾ ಐತಲ್ಲ."

ಸದಾಶಿವಯ್ಯ, "ನಿಲ್ಸಪ್ಪ," ಎನ್ನುತ್ತಾರೆ. ಸೀಟು ಎತ್ತಿ ನೋಡುತ್ತಾರೆ. ಡಿಕ್ಕಿ ತೆಗೆಸುತ್ತಾರೆ. ಸ್ಟೆಪ್ನಿ ಹಗ್ಗದಲ್ಲಿ ಬಿಗಿದಿದೆ, ಬೇರೇನೂ ಇಲ್ಲ. ಮೆಕ್ಯಾನಿಕ್ ಈರಣ್ಣನ ಶೆಡ್ಡಿಗೆ ಕಾರು ಹೋಗುತ್ತದೆ. ಈರಣ್ಣ ಕೆಳಗೆ ಮಲಗಿ ಒಂದೊಂದೇ ಕೀಲು ಹಿಡಿದು ಜಗ್ಗುತ್ತಾರೆ, ಚಕ್ರ ಬಿಚ್ಚಿ ನೋಡುತ್ತಾರೆ. "ಸ್ಟೇರಿಂಗಿಂದು ಎಲ್ಲಾ ಹೊಸ ಸಾಮಾನು ಹಾಕವ್ರೆ ಕಣಯ್ಯ. ಹೊಸ ಕಾರೂ ಇಷ್ಟು ಬಿಗಿ ಇರಾಕಿಲ್ಲ. ಧೈರ್ಯವಾಗಿ ತಗೊ." ಕರಿಯಪ್ಪ ಎರಡನೇ ಸಲ ಓಡಿಸುತ್ತಾರೆ. ತಿರುವಿನಲ್ಲಿ, ಹಿಂದೆ ಕೂತ ನಮ್ಮ ಕಾಲಬುಡದಲ್ಲಿ, ಏನೋ ಎಡದಿಂದ ಬಲಕ್ಕೆ ನಿಧಾನ ಉರುಳಿ ಹೋದ ಹಾಗಾಗುತ್ತದೆ. ಕಾಲು ಎತ್ತಿಕೊಳ್ಳುತ್ತೇವೆ. ಕೆಳಗೆ ಚಾಪೆ ಮಾತ್ರ.

ಸದಾಶಿವಯ್ಯ ಬಾಗಿಲ ತಳದ ತೂತಿಗೆ ಕಡ್ಡಿ ಹಾಕಿ ಕೆದಕುತ್ತಾರೆ. ಬೂದು ಬಣ್ಣದ ಒಣಗಿದ ಕೆರೆಗೋಡು ಉದುರುತ್ತದೆ. ಆಮೇಲೆ ಆರ್.ಸಿ. ಪುಸ್ತಕ ಕೇಳುತ್ತಾರೆ. ನಂಜುಂಡಪ್ಪ ಕೊಡಲು ಸ್ವಲ್ಪ ತಡ ಮಾಡುತ್ತಾರೆ. ಮಾಲೀಕರ ಹೆಸರುಗಳಲ್ಲಿ ಎರಡನೆಯದು ತೋಂಟದಾರ್ಯ.

"ಒಂಬತ್ತು ವರ್ಷದ ಕಥೆ ಇವತ್ಯಾಕ್ರೀ?" ನಂಜುಂಡಪ್ಪ ಸಿಡಿಯುತ್ತಾರೆ. "ಆಮೇಲೆ ಮೂರು ಜನ ಓಡ್ಸವ್ರೆ. ಒಬ್ಬರಿಗೂ ಒಂದು ನೆಗಡಿ ಬಂದಿಲ್ಲ. ಮುಂದಿನ ವರ್ಷ ಇದಕ್ಕೇ ಇನ್ನೆರಡು ಸಾವಿರ ಜಾಸ್ತಿ. ದೆವ್ವಕ್ಕೂ ಸೇರಿಸಿ ರೇಟು ಕೊಡ್ತಾರೆ ಈಗ ಜನ!"

ಕರಿಯಪ್ಪ ಸದಾಶಿವಯ್ಯನವರ ಕಡೆ ತಿರುಗುತ್ತಾರೆ. "ನಾನು ಹದಿನೆಂಟು ಸಾವಿರ ಜೋಡ್ಸೋ ಹೊತ್ಗೆ ಇಪ್ಪತ್ತಾಯ್ತು, ಇಪ್ಪತ್ತು ಜೋಡ್ಸೋ ಹೊತ್ಗೆ ಇಪ್ಪತ್ಮೂರು. ಇದು ಬುಟ್ರೆ ಇನ್ನು ನನ್ ಕೈಗೆ ಹತ್ತಾಕಿಲ್ಲ ಅಯ್ಯಾರೆ. ಈರಣ್ಣ ಏನೂ ಇಲ್ಲ ಅಂದ. ನೀವೊಂದು ಹ್ಞೂಂ ಅಂದ್ಬುಡಿ, ಸಾಕು."

"ಏನೂ ಇಲ್ಲ ಅನ್ನೋದು ನಿಜ ಕಣಪ್ಪ. ಹುಡುಕ್ದೆ, ಸಿಗಲಿಲ್ಲ," ಎನ್ನುತ್ತಾರೆ ಸದಾಶಿವಯ್ಯ. "ಆದ್ರೆ ನಿಂಗೂ ಕೇಳಿಸ್ತಲ್ಲ?"

ಕರಿಯಪ್ಪ ತಲೆ ತಗ್ಗಿಸುತ್ತಾರೆ. "ಕೇಳಿಸ್ತು."

"ಹಂಗಾದ್ರೆ ಹ್ಞೂಂ ಅನ್ನಾಕೆ ನನ್ ಕೈಲಾಗಲ್ಲ. ತಗೋಬ್ಯಾಡ ಅಂತ್ಲೂ ಅನ್ನಲ್ಲ. ದುಡ್ಡು ನಿಂದು, ಹದಿನೆಂಟು ವರ್ಷ ದುಡಿದೋನೂ ನೀನೇ."

ಕರಿಯಪ್ಪ ಸ್ಟೇರಿಂಗ್ ಮುಂದೆ ಹೋಗಿ ಕೂರುತ್ತಾರೆ. ಅದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ನೋಡುತ್ತಾರೆ. ಆಮೇಲೆ ಇಳಿದು ಬೀಗದ ಕೈಯನ್ನು ಬಾನೆಟ್ಟಿನ ಮೇಲೆ ಇಡುತ್ತಾರೆ. "ನಮ್ಮೂರಿನ ಬಸುರಿ ಹೆಂಗಸರನ್ನ ಆಸ್ಪತ್ರೆಗೆ ಸಾಗಿಸೋದು ನಾನೇ. ಯಾವಳಾದ್ರೂ ಇದೇನ್ ಸದ್ದಣ್ಣ ಅಂತ ಕೇಳಿದ್ರೆ ಏನಂತ ಹೇಳ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ. ಸದಾಶಿವಯ್ಯನವರ ಹತ್ತು ರೂಪಾಯಿ ಸಂಭಾವನೆಯನ್ನು ಯಾರೂ ಕೊಡುವುದಿಲ್ಲ, ಅವರೂ ಕೇಳುವುದಿಲ್ಲ. ಇನ್ನು ಮೇಲೆ ತಾನು ತೋರಿಸುವ ಗಾಡಿಯ ಹತ್ತಿರ ಸುಳಿಯಬೇಡಿ ಎಂದು ನಂಜುಂಡಪ್ಪ ಬೀದಿಯಲ್ಲೇ ಕೂಗಿ ಹೇಳುತ್ತಾರೆ. ಊರಿನ ಮೂವರು ದಲ್ಲಾಳಿಗಳಲ್ಲಿ ಹೀಗೆ ಹೇಳಿದ ಎರಡನೆಯವರು ಇವರು.

ಮಧ್ಯಾಹ್ನ ಒಂದು ಗಂಟೆಗೆ ಕಾರು ಮಾರಾಟವಾದ ಸುದ್ದಿ ಬರುತ್ತದೆ. ಕೊಂಡವರು ಹುಳಿಯಾರಿನ ದಿನಸಿ ಅಂಗಡಿ ಮಲ್ಲಿಕಾರ್ಜುನಯ್ಯ. ಹೇಳಿದ ಬೆಲೆಯ ಮೇಲೆ ಐನೂರು ಹೆಚ್ಚಿಗೆ ಕೊಟ್ಟು, ತಾವೇ ಓಡಿಸಿಕೊಂಡು ಹೊರಟಿದ್ದಾರೆ.

ಸದಾಶಿವಯ್ಯ ಊಟದ ತಟ್ಟೆಯಿಂದ ಎದ್ದು ಅಂಗಿ ತೊಡುತ್ತಾರೆ. ಹೆಂಡತಿ ದ್ರಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಕರೆದೋರಿಲ್ಲ, ಕೇಳ್ದೋರಿಲ್ಲ. ಹೋಗಿ ಬೈಸ್ಕೊಂಡು ಬರಕ್ಕೂ ಬಸ್ ಚಾರ್ಜು ಕೊಡ್ಬೇಕಾ?" ಎನ್ನುತ್ತಾರೆ. ಅನ್ನುತ್ತಲೇ ಗೂಟದಿಂದ ಟವಲು ತೆಗೆದು ಅವರ ಹೆಗಲಿಗೆ ಹಾಕುತ್ತಾರೆ.

ಹುಳಿಯಾರಿನ ಬಸ್ಸು ಮೂರಕ್ಕೆ. ಕಲ್ಲುಬೆಂಚಿನ ತುದಿಯಲ್ಲಿ ಕೂತ ಸದಾಶಿವಯ್ಯ ಮತ್ತೆ ಮತ್ತೆ ಗಡಿಯಾರ ನೋಡುತ್ತಾರೆ. ಮಲ್ಲಿಕಾರ್ಜುನಯ್ಯನವರು ನಂಬದೆ ನಕ್ಕು ಕಳಿಸಿದರೆ ಏನು ಮಾಡುತ್ತೀರಿ ಎಂದು ಕೇಳುತ್ತೇವೆ.

"ನಗ್ಲಿ ಬುಡಿ. ಬೈಲಿ. ಬಾಗಿಲಾಗೆ ನಿಂತ್ಕೊಂಡು ಹೇಳಿ ಬತ್ತೀನಿ, ಅಷ್ಟೇಯ," ಎನ್ನುತ್ತಾರೆ. ಸ್ವಲ್ಪ ಹೊತ್ತು ರಸ್ತೆಯ ತಿರುವನ್ನೇ ನೋಡುತ್ತಾರೆ. "ನಾನು ಹೋಗೋ ಹೊತ್ಗೆ ಅವ್ರು ಮನೇಲಿದ್ರೆ ಸಾಕು."