ಪಾವಿಯಾ ಅಜ್ಜನ ಹಳೆಯ ನಕ್ಷೆ

ಗ್ರೀನ್‌ಲ್ಯಾಂಡಿನ ಕಡಲಂಚಿನ ಊರನ್ನು ಸರ್ಕಾರ ಮುಚ್ಚಿಸಿ ಎಲ್ಲರನ್ನೂ ಪಟ್ಟಣದ ಫ್ಲ್ಯಾಟುಗಳಿಗೆ ತುಂಬಿದಾಗ ಪಾವಿಯಾ ಅಜ್ಜ ಜೋಪಾನವಾಗಿ ತಂದದ್ದು ಆ ಊರಿನ ಹಳೆಯ ಸರ್ವೆ ನಕ್ಷೆಯೊಂದನ್ನೇ. ಬಾಲ್ಕನಿಯಲ್ಲಿ ಸೀಲ್ ಮಾಂಸ ಒಣಹಾಕಿ ಕೆಳಮನೆಯವರಿಂದ ಬೈಸಿಕೊಳ್ಳುವ ಈ ಮುದುಕ, ಕಾಫಿಗೆ ಬಂದವರ ಮುಂದೆ ಅದನ್ನು ಹರಡದೆ ಬಿಡುವವನಲ್ಲ. ಯಾರಾದರೂ ಮೈಮರೆತು ಅದರ ಮೇಲೆ ಲೋಟ ಇಟ್ಟರೆ, "ಕೊಲ್ಲಿಗೆ ಅಡ್ಡ ಇಟ್ಯಲ್ಲೋ ಮಾರಾಯ, ದೋಣಿ ಎಲ್ಲಿಂದ ಬರ್ಬೇಕು?" ಎಂದು ಗದರುತ್ತಾನೆ, ಬೆರಳು ಓಡಿಸಿದವರಿಗೆ, "ಆ ಕಡೆ ಹೋಗ್ಬೇಡ, ನಾಯಿ ಕಟ್ಟಿದೀನಿ" ಎನ್ನುತ್ತಾನೆ. ಮೊನ್ನೆ ಮೊಮ್ಮಗಳು ಇವಾಲು ಹೊಸ ನಕ್ಷೆ ತಂದುಕೊಟ್ಟಳು. ಅದರಲ್ಲಿ ಮನೆಗಳ ಚುಕ್ಕೆ ಒಂದೂ ಇರಲಿಲ್ಲ. ಸ್ಮಶಾನದ ಶಿಲುಬೆ ಮಾತ್ರ ಉಳಿದಿತ್ತು. ಅಜ್ಜ ಅದರ ಮೇಲೆ ಬೆರಳಿಟ್ಟ. "ಹೋಗು ಅಂದ ಕೂಡ್ಲೇ ನಾನು ಗಂಟುಮೂಟೆ ಕಟ್ಟಿದೆ ಕಣೇ. ನಿಮ್ಮಜ್ಜಿ ನೋಡು, ಜಪ್ಪಯ್ಯ ಅಂದ್ರೂ ಏಳ್ಲಿಲ್ಲ."