ಜಾಲಿಸಿದ ನೀರು ಯಾರ ಹೆಸರಿಗೆ

ಬೆಳಗಿನ ಮೊದಲ ಬಸ್ಸಿಗೆ ಏರ್ಕಾಡಿನ ಘಟ್ಟ ಹತ್ತುವ ಹೊತ್ತಿಗೆ ಚೆಲ್ಲಮ್ಮ ಮನೆಯಲ್ಲಿ ಒಂದು ದಿನದ ಕೆಲಸ ಮುಗಿಸಿರುತ್ತಿದ್ದಳು. ಇಡ್ಲಿ, ಸಾಂಬಾರು, ಒಂದು ಬಕೆಟ್ ಬಟ್ಟೆ. ಎಲ್ಲಕ್ಕಿಂತ ಮೊದಲು ಗಂಡನ ಮಗ್ಗಕ್ಕೆ ಕಂಡಿಕೆ. ಲಾಳಿಯೊಳಗೆ ಕೂರುವ ಆ ಪುಟ್ಟ ಕೊಳವೆಗಳಿಗೆ ಅವಳು ರಾಟೆ ತಿರುಗಿಸಿ ನೂಲು ಸುತ್ತಿಡದಿದ್ದರೆ ಸೇಲಂನ ಆ ಮನೆಯಲ್ಲಿ ಒಂದು ಅಂಗುಲ ಸೀರೆಯೂ ಇಳಿಯುತ್ತಿರಲಿಲ್ಲ. ನೇಕಾರರ ಸಂಘದ ಪುಸ್ತಕದಲ್ಲಿ ಕೂಲಿ ಬೀಳುತ್ತಿದ್ದುದು ಮಾತ್ರ ಗಂಡನ ಹೆಸರಿಗೆ. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಆ ಹೆಸರನ್ನು ಅವಳು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಅವರ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ.

ಬೆಟ್ಟದ ಮೇಲಿನ ಹೋಟೆಲಿನಲ್ಲಿ ಅವಳದು ಲಾಂಡ್ರಿ ಕೆಲಸ. ಹಗಲೆಲ್ಲ ಪ್ರವಾಸಿಗರ ಹಾಸಿಗೆ ಬಟ್ಟೆಯನ್ನು ಮಿಷನ್ನಿಗೆ ತುಂಬಿ, ಸಂಜೆ ಮನೆಗೆ ಬಂದು ಗಂಡನ ಪಂಚೆಯನ್ನು ಕಲ್ಲಿಗೆ ಕುಕ್ಕುತ್ತಿದ್ದಳು. ಆದ್ದರಿಂದ ಮ್ಯಾನೇಜರ್ ಬದರೀನಾಥ, ನೀರು ಉಳಿಸುವ ದಾರಿ ಕಂಡುಹಿಡಿದವರಿಗೆ ಆರು ಸಾವಿರ ಬಹುಮಾನ ಎಂದು ಸಾರಿದಾಗ ಅವಳ ಕಣ್ಣಿಗೆ ಕಂಡಿದ್ದು ಪರಿಸರವಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿದ್ದ ಹಳೆಯ ವಾಷಿಂಗ್ ಮಿಷನ್. ಅದರ ಬೆಲೆಯೂ ಅಷ್ಟೇ.

ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಹುಟ್ಟಿದವಳು ಅವಳು. ಅಲ್ಲಿ ತಿಳಿಬಣ್ಣದ ನೂಲು ಜಾಲಿಸಿದ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. ಅದೇ ನೀರಿಗೆ ಕಡುಬಣ್ಣದ ನೂಲು, ಆಮೇಲೆ ಅಂಗಳಕ್ಕೆ ಎರಚುವುದು. ಚೆಲ್ಲಮ್ಮ ಮಿಷನ್ನಿನ ಪೈಪನ್ನು ಒಂದು ಡ್ರಮ್ಮಿಗೆ ತಿರುಗಿಸಿದಳು. ಬಿಳಿ ಹಾಸು ಜಾಲಿಸಿದ ನೀರು ಟವೆಲಿಗೆ, ಟವೆಲಿನದು ಕಾಲೊರಸಿಗೆ. ಡ್ರಮ್ಮಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಮಿಷನ್ನಿಗೆ ಎತ್ತಿ ಎತ್ತಿ ಬಲಭುಜ ಊದಿಕೊಂಡಿತು. ದಿನಕ್ಕೆ ಮೂರು ಬರುತ್ತಿದ್ದ ಟ್ಯಾಂಕರ್ ಎರಡಾಯಿತು.

ಸಂಬಳ ಕವರಿನಲ್ಲಿ ಕೈಗೇ ಬರುತ್ತಿತ್ತು, ಬಹುಮಾನ ಬ್ಯಾಂಕಿಗಂತೆ. ಸೂಪರ್‌ವೈಸರ್ ಇಳಂಗೋ ಕೊಟ್ಟ ಅರ್ಜಿಯಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಚೆಲ್ಲಮ್ಮ ಮನೆಯ ಪಾಸ್‌ಬುಕ್ ಬಿಚ್ಚಿ ಅದರಲ್ಲಿದ್ದ ಗಂಡನ ಹೆಸರನ್ನು ಅಕ್ಷರಕ್ಕೆ ಅಕ್ಷರ ಇಳಿಸಿದಳು: ಧನಪಾಲ್. ಯಾರೂ ಹಾಗೆ ಬರೆ ಎಂದಿರಲಿಲ್ಲ. ತನ್ನ ಕೈಕೆಲಸಕ್ಕೆ ಕಾಗದದಲ್ಲಿ ಅದಲ್ಲದೆ ಬೇರೆ ಹೆಸರಿರಬಹುದು ಎಂಬುದೇ ಅವಳಿಗೆ ಹೊಳೆಯಲಿಲ್ಲ.

ಬಹುಮಾನದ ದಿನ ವೇದಿಕೆ ಹತ್ತಿದವನು ಇಳಂಗೋ. ಸರ್ಟಿಫಿಕೇಟು, ಒಂದು ಕುಂಡದ ಗಿಡ, ಚಪ್ಪಾಳೆ. ಚೆಲ್ಲಮ್ಮ ಸೀದಾ ಮ್ಯಾನೇಜರ್ ಕೋಣೆಗೆ ಹೋದಳು. ಬದರೀನಾಥನೂ ಅವಳಂತೆ ಸೇಲಂನ ಕನ್ನಡದವನೇ, ಹಕಾರ ನುಂಗಿ ಮಾತಾಡುವವನು.

"ಧನಪಾಲ್ ಅನ್ನೋ ಸ್ಟಾಫ್ ನಮ್ಮಲ್ಲಿ ಇಲ್ಲಮ್ಮ. ಎಡ್ ಆಫೀಸಿನೋರು ಅದನ್ನ ತೆಗೆದುಹಾಕಿ ಸೆಕ್ಷನ್ ಸೂಪರ್‌ವೈಸರ್ ಎಸರು ಹಾಕವ್ರೆ."

"ನೀರು ಎತ್ತಿದ್ದು ಯಾರು ಅಂತ ನಿಮಗ್ ಗೊತ್ತಿಲ್ವಾ ಸಾರ್?"

"ಗೊತ್ತೈತೆ. ಆದ್ರೆ ಎಸರು ಕೊಟ್ಟೋಳು ನೀನೇ ತಾನೆ? ಓಗು, ಬಟ್ಟೆ ಕಾಯ್ತಾ ಐತೆ."

ಅವಳು ಹೋದಳು. ಡ್ರಮ್ಮಿನೊಳಗಿದ್ದ ಪೈಪನ್ನು ಕಿತ್ತು ಮೋರಿಗೆ ಬಿಟ್ಟಳು. ಶುಭ್ರವಾದ ನೀರು ಸಂಜೆಯವರೆಗೂ ಬೆಟ್ಟ ಇಳಿಯಿತು.

ನಾಲ್ಕನೆಯ ದಿನ ಮೂರನೆಯ ಟ್ಯಾಂಕರ್ ಮತ್ತೆ ಬಂದು ನಿಂತಾಗ ಇಳಂಗೋ ಓಡಿಬಂದ. ಅವನದು ತಮಿಳು ಬೆರೆತ ಕನ್ನಡ. "ಎನ್ನಕ್ಕಾ ಇದು? ಮ್ಯಾನೇಜರ್ ನನ್ನ ಬೈತಾರೆ. ಡ್ರಮ್ ಯಾಕೆ ಖಾಲಿ?"

"ಸರ್ಟಿಫಿಕೇಟ್ ನಿನ್ ತಾವ ಐತಲ್ಲಪ್ಪಾ. ಅದ್ರಾಗೇ ಇಡ್ಕೋ ನೀರ್ನ."

"ಕೆಲಸ ಓಗ್ಬಿಡ್ತದೆ ಅಕ್ಕಾ, ಪಾತ್ಕೋ, ಉಷಾರು."

"ಒಗೆಯೋದು ನನ್ ಕೆಲಸ, ಒಗೀತಾ ಇವ್ನಿ. ಬಕೆಟ್ ಎತ್ತೋದು ಬಹುಮಾನ ತಗೊಂಡೋನ ಕೆಲಸ. ಎತ್ತು."

ಅವನು ಪೈಪನ್ನು ಮತ್ತೆ ಡ್ರಮ್ಮಿಗೆ ತಿರುಗಿಸಿ ಬಕೆಟ್ ಎತ್ತಿದ. ಆರು ಬಕೆಟ್ಟಿಗೆ ಸೊಂಟ ಹಿಡಿದು ಕೂತ. ಕಾಲೊರಸು ಮಡಿಸುತ್ತಿದ್ದ ಜೊತೆಕೆಲಸದ ಸೆಲ್ವಿ ಕಿಸಕ್ಕನೆ ನಕ್ಕಳು. ಚೆಲ್ಲಮ್ಮ ನಗಲಿಲ್ಲ.

ಸಂಗತಿ ಮನೆಗೂ ತಲುಪಿತ್ತು. ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಆ ಆರು ಸಾವಿರಕ್ಕೆ ಅವನು ಆಗಲೇ ಬೈಕಿನ ಎರಡು ಟೈರು ನೋಡಿಟ್ಟಿದ್ದ.

"ಲೇ, ಬುದ್ಧಿ ಐತೇನೇ ನಿಂಗೆ? ಯಾರಾದ್ರೂ ಗಂಡನ ಎಸರು ಬರೀತಾರಾ ಅಲ್ಲಿ? ನಿನ್ ಎಸರು ಬರೆಯಾಕೆ ಏನಾಗಿತ್ತು?"

ಅವಳು ಚಪ್ಪಲಿ ಬಿಟ್ಟಳು. ಅವನ ಒದ್ದೆ ಪಂಚೆ ಬೆಳಗ್ಗೆ ಇಟ್ಟಲ್ಲೇ ಬಕೆಟ್ಟಿನಲ್ಲಿತ್ತು. ಒಳಗೆ ಹೋಗಿ ತನ್ನ ಸೀರೆಯೊಂದನ್ನೇ ಒಗೆದು ಹರವಿದಳು. ಊಟ ಮಾಡಿ ಮಲಗಿದಳು.

ಮರುದಿನ ಬೆಳಗ್ಗೆ ರಾಟೆಯ ಸದ್ದಿಲ್ಲ. ಗಂಡ ಖಾಲಿ ಲಾಳಿ ಹಿಡಿದು ಬಾಗಿಲಿಗೆ ಬಂದ. "ಕಂಡಿಕೆ ಎಲ್ಲೇ? ನಾಳೆ ಸಂಘಕ್ಕೆ ಸೀರೆ ಕೊಡ್ಬೇಕು!"

ಚೆಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಬ್ಯಾಗು ಎತ್ತಿಕೊಂಡಳು.

"ಸಂಘದ ಪುಸ್ತಕದಾಗೆ ಧನಪಾಲ್ ಅಂತ ಒಬ್ರು ಅವ್ರೆ. ಇಪ್ಪತ್ತೆಂಟು ವರ್ಸದಿಂದ ಈ ಮನೆ ಕೆಲಸಕ್ಕೆಲ್ಲ ಅವ್ರೇ ಕೂಲಿ ತಗೋತಾವ್ರೆ. ಅವ್ರನ್ನೇ ಕೇಳು."

ಬಾಯಿಂದ ಮೊದಲ ಸಲ ಬಿದ್ದ ಆ ಹೆಸರಿಗೆ ಪಕ್ಕದ ಮನೆಯ ಮಗ್ಗವೂ ಒಂದು ಗಳಿಗೆ ನಿಂತಿತು. ಅವಳು ಬಸ್ಸಿಗೆ ನಡೆದಳು.