ದೀಪ ಹಚ್ಚುವ ಹೊತ್ತಿಗೆ ಬಂದ ಸಿಸ್ಟರ್

ಆಸ್ಪತ್ರೆಯಲ್ಲಿ ಅದು ಕಂಡಿತು, ಇದು ಕೇಳಿಸಿತು ಎಂದು ಯಾರಾದರೂ ಶುರುಮಾಡಿದರೆ ಮೊದಲೆಲ್ಲ ನಾನು ಬೈದು ಕಳಿಸುತ್ತಿದ್ದೆ. ವಾರ್ಡಿನಲ್ಲಿ ಬೇಕಾದಷ್ಟು ಕೆಲಸವಿರುವಾಗ ಭೂತದ ಕಥೆಗೆ ಯಾರಿಗೆ ಪುರುಸೊತ್ತು? ಈಗ ಬೈಯುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಅಲ್ಲ. ನನಗೇ ಒಂದು ತಲೆನೋವು ಗಂಟುಬಿದ್ದಿದೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ವಾರ್ಡಿನ ಹಿರಿಯ ನರ್ಸ್. ನನ್ನ ಕೈಕೆಳಗೆ ವಂಡ್ಸೆಯ ವಿನೋದಾ ಇದ್ದಳು. ರೋಗಿಯನ್ನು ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವ ಹುಡುಗಿ. ಸೊಂಟನೋವಿಗೆಂದು ತೆಗೆದುಕೊಂಡ ಇಂಜೆಕ್ಷನ್ ಅವಳನ್ನು ಬಿಡಲಿಲ್ಲ. ಕೊನೆಗೆ ರೋಗಿಗಳ ಔಷಧಿಗೇ ಕೈಹಾಕಿ ಸಿಕ್ಕಿಬಿದ್ದಳು. ದೂರು ನರ್ಸಿಂಗ್ ಕೌನ್ಸಿಲಿಗೆ ಹೋಯಿತು, ನೋಂದಣಿ ಅಮಾನತಾಯಿತು. ಮನೆಯವರು ಮೈಮೇಲೆ ದೇವರು ಬರುವ ಪಾತ್ರಿಯ ದರ್ಶನಕ್ಕೆ ಕರೆದೊಯ್ದು ಕೈಗೆ ದಾರ ಕಟ್ಟಿಸಿದರು. ಇದು ಕಾಯಿಲೆ, ಚಿಕಿತ್ಸೆ ಬೇಕು ಎಂದು ಅವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅಂತೂ ಬ್ರಹ್ಮಾವರದ ಕಡೆಯ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದಳು. ಕೌನ್ಸಿಲಿನ ಷರತ್ತು ಇಷ್ಟು: ಚಿಕಿತ್ಸೆ ಮುಗಿಯುವವರೆಗೆ ವಾರ್ಡಿಗೆ ಕಾಲಿಡಬಾರದು, ಇಟ್ಟಿಲ್ಲವೆಂದು ಆಸ್ಪತ್ರೆ ಬರೆದುಕೊಡಬೇಕು. ಆಗ ಮಾತ್ರ ನೋಂದಣಿ ವಾಪಸ್.

ಅವಳು ಹೋದ ಮೇಲೆ ಬೈಂದೂರು ಕಡೆಯ ಮೀನು ಮಾರುವ ಅಜ್ಜಿಯೊಬ್ಬರು ತೊಡೆಮೂಳೆ ಮುರಿದುಕೊಂಡು ಬಂದರು. ಸಂಜೆಯ ನೋವಿನ ಇಂಜೆಕ್ಷನ್ನಿಗೆ ದಿನಾ ಜಗಳ. "ದೀಪ ಹಚ್ಚು ಹೊತ್ತಿಗೆ ಸೂಜಿ ಎಂತಕ್ಕೆ? ಬ್ಯಾಡ!" ಮುಸ್ಸಂಜೆ ಯಾರಿಗೂ ಸೂಜಿ ಕೊಡಬಾರದು ಎಂಬ ಮನೆಯ ಶಾಸ್ತ್ರವನ್ನು ಅಜ್ಜಿ ಆಸ್ಪತ್ರೆಯ ಸೂಜಿಗೂ ಹಚ್ಚಿದ್ದರು. ನೋವು ತಡೆಯಲಾರದೆ ಕೂಗಿ ನನ್ನ ತಲೆ ತಿನ್ನುತ್ತಿದ್ದರು.

ಒಂದು ಸಂಜೆ ನೋಡಿದರೆ ತಣ್ಣಗೆ ಮಲಗಿದ್ದಾರೆ. ಕೇಳಿದ್ದಕ್ಕೆ ಹೇಳಿದರು: "ಆ ಸಿಸ್ಟರ್ ಬಂದ್ ಕಾಲ್ ಒತ್ತಿ ಹೋದ್ಲ್. ನಿಮ್ಮಾಂಗೆ ಚುಚ್ಚುದಿಲ್ಲೆ. ಕೈ ಉಜ್ಜಿ ಬಿಸಿ ಮಾಡ್ಕಂಡೇ ಮುಟ್ಟುದ್. ಗಲ್ಲದ್ ಮೇಲೆ ಮಚ್ಚೆ ಇತ್ತಲೆ, ಅವ್ಳ್."

ಗಲ್ಲದ ಮೇಲೆ ಮಚ್ಚೆಯಿದ್ದವಳು ನಮ್ಮಲ್ಲಿ ವಿನೋದಾ ಒಬ್ಬಳೇ. ಅಜ್ಜಿ ಅವಳನ್ನು ಕಂಡವರೇ ಅಲ್ಲ. ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ. ಆ ಹೊತ್ತಿಗೆ ವಾರ್ಡಿನ ತುಂಬ ರೋಗಿಗಳ ಮನೆಯವರು ಗಿಜಿಗುಡುತ್ತಿರುತ್ತಾರೆ. ಇನ್ನೊಬ್ಬರ ಕಣ್ಣಿಗೂ ಅವಳು ಬಿದ್ದಿಲ್ಲ.

ಸುದ್ದಿ ಮ್ಯಾನೇಜರ್ ಕಿವಿಗೆ ಬಿತ್ತು. ಅವಳು ಇಂಜೆಕ್ಷನ್ ಕದಿಯಲು ನುಗ್ಗುತ್ತಿದ್ದಾಳೆ, ಹಾಗೆಂದೇ ಕೌನ್ಸಿಲಿಗೆ ಬರೆಯಿರಿ ಎಂದರು. ಒಂದು ಸೀಸೆಯೂ ಕಳುವಾಗಿಲ್ಲವಲ್ಲ ಎಂದೆ. "ಇನ್ನೂ ಆಗಿಲ್ಲೆ, ಅಷ್ಟೇ ಅಲ್ದಾ ಸಿಸ್ಟರ್?" ಎಂದರು. ಹಾಗೆ ಬರೆದುಬಿಟ್ಟರೆ ಆ ಹುಡುಗಿ ಜನ್ಮದಲ್ಲಿ ಮತ್ತೆ ನರ್ಸ್ ಆಗುವಂತಿರಲಿಲ್ಲ.

ಸಿಟ್ಟಿನಲ್ಲೇ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ. ಕೇಂದ್ರದ ಮೇಲ್ವಿಚಾರಕಿ ನನ್ನ ಮೇಲೆಯೇ ರೇಗಿದರು: "ಇಲ್ಲಿ ಗೇಟಿಗೆ ಬೀಗ ಮಾರಾಯ್ರೆ! ಸಂಜೆ ಎಲ್ಲರೂ ಪ್ರಾರ್ಥನೆಗೆ ನನ್ನೆದುರೇ ಕೂಕಂತ್ರ್." ವಿನೋದಾ ಸೊರಗಿದ್ದಳು, ಆದರೆ ಕಣ್ಣು ತಿಳಿಯಾಗಿತ್ತು. ಸಂಜೆ ಹೊತ್ತು ಎಲ್ಲಿಗಾದರೂ ಹೋಗಿದ್ದೆಯಾ ಎಂದಷ್ಟೇ ಕೇಳಿದೆ. ಅಜ್ಜಿಯ ಸುದ್ದಿ ಎತ್ತಲಿಲ್ಲ.

"ಇಲ್ಲೆ ಅಕ್ಕ, ಹೋಪುಕೆ ಬಿಡ್ಕಲೆ," ಎಂದು, ಬಿಟ್ಟರೆ ತಾನೇ ಹೋಗುವುದು ಎಂಬಂತೆ ನಕ್ಕಳು. ನನಗೆ ಸಮಾಧಾನವಾಯಿತು. ಹೊರಡಲು ಎದ್ದಾಗ ಅವಳು ಸಹಜವಾಗಿ, ದಿನಾ ವಾರ್ಡಿನಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದಳು: "ಅಕ್ಕ, ಆ ಸೂಜಿ ಬ್ಯಾಡ ಅಂಬು ಅಮ್ಮಂಗೆ ಈಗ ಕಾಲ್ನೋವ್ ಹ್ಯಾಂಗಿತ್?"

ಯಾವ ಅಮ್ಮ ಎಂದೆ. ಅವಳು ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದಳು. "ಗೊತ್ತಿಲ್ಲೆ ಅಕ್ಕ. ನಾನ್ ಎಂತಕ್ಕೆ ಹಾಂಗ್ ಕೇಂಡೆ?"

ವಾಪಸು ಬಂದು ಮ್ಯಾನೇಜರ್ ಜೊತೆ ದೊಡ್ಡ ಜಗಳವನ್ನೇ ಮಾಡಿ, ಅವಳು ಕೇಂದ್ರ ಬಿಟ್ಟು ಹೊರಬಂದಿಲ್ಲ, ವಾರ್ಡಿಗೆ ಬಂದಿಲ್ಲ ಎಂದು ನಾನೇ ಬರೆದುಕೊಟ್ಟೆ. ಚಿಕಿತ್ಸೆ ಮುಗಿದ ಮೇಲೆ ನೋಂದಣಿ ಅವಳ ಕೈಗೆ ಮರಳಿತು. ಈಗ ಬೇರೆ ಊರಿನಲ್ಲಿ ಕೆಲಸ ಮಾಡುತ್ತಾಳೆ, ಚೆನ್ನಾಗಿದ್ದಾಳೆ. ಅವಳು ಕೇಂದ್ರ ಬಿಟ್ಟು ಹೊರಬಂದಿಲ್ಲ ಎಂಬುದಕ್ಕೆ ಯಾವ ದೇವರ ಮುಂದೆ ಬೇಕಾದರೂ ಆಣೆ ಹಾಕಿಯೇನು. ವಾರ್ಡಿಗೆ ಬಂದಿಲ್ಲ ಎಂಬುದಕ್ಕೆ ಮಾತ್ರ ಇವತ್ತಿಗೂ ನನಗೆ ಧೈರ್ಯ ಸಾಲುವುದಿಲ್ಲ.